ಮಳೆಗಾಲಕ್ಕೆ ಕಾರನ್ನು ಒಳಗಿಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಹಿಮ ಬೀಳುವ ದೇಶಗಳಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಚಳಿಗಾಲ ಬಂತೆಂದರೆ ಅದನ್ನು ಗ್ಯಾರೇಜಿಗೆ ಸೇರಿಸಿ ಬೀಗ ಹಾಕುತ್ತಾರೆ. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಆ ಉಪ್ಪುನೀರು ಕಾರಿನ ಅಡಿಭಾಗವನ್ನು ತಿಂದುಹಾಕುತ್ತದೆ. ನಮ್ಮ ಮೈಸೂರಿನಲ್ಲಿ ಧನುರ್ಮಾಸದ ಬೆಳಗಿನ ಜಾವದಲ್ಲೂ ನೀರು ಹೆಪ್ಪುಗಟ್ಟುವ ಮಾತಿಲ್ಲ. ನಮಗೆ ಚಳಿಗಾಲವೇ ಇಂಥ ಕಾರು ಓಡಿಸುವ ಕಾಲ. ನಾವು ಒಳಗಿಡುವುದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ, ಇಲ್ಲವೇ ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿ ಆರು ತಿಂಗಳು ಉಳಿಯುವಾಗ.

ಹಾಗೆಂದು ಉಪ್ಪಿನ ಕಾಟ ನಮಗಿಲ್ಲ ಅನ್ನಬೇಡಿ. ಮಂಡ್ಯದ ಹತ್ತಿರ ನಮ್ಮ ಊರಮನೆಯ ಶೆಡ್ಡಿನಲ್ಲಿ ಒಂದು ಮಳೆಗಾಲ ಪೂರ್ತಿ ನನ್ನ ಎರಡು ಸೀಟಿನ ಕಾರು ನಿಲ್ಲಿಸಿದ್ದೆ. ದೀಪಾವಳಿಗೆ ಹೊದಿಕೆ ತೆಗೆದು ನೋಡುತ್ತೇನೆ, ಎಡಗಡೆಯ ಬ್ರೇಕ್ ಡಿಸ್ಕುಗಳು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿವೆ, ಬೋಲ್ಟಿನ ತಲೆಗಳು ಉಗುರು ತಾಗಿದರೆ ಪುಡಿ ಉದುರಿಸುತ್ತಿವೆ. ಬಲಗಡೆ ಅಷ್ಟೇನಿಲ್ಲ. ಎಡಗೋಡೆಗೆ ಒರಗಿಸಿದ್ದು ಪೊಟ್ಯಾಷ್ ಮೂಟೆಗಳು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮೂಟೆ ಎತ್ತಿ ಹಾಕಿದಾಗಲೆಲ್ಲ ಎದ್ದ ಪುಡಿ ಚಕ್ರದ ಮೇಲೆ ಕೂತು, ಮಳೆಯ ತೇವ ಹೀರಿ, ತನ್ನ ಕೆಲಸ ಮಾಡಿತ್ತು. ಅಂದಿನಿಂದ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಕಾರಿಗಿಂತ ಮುಂಚೆ ಶೆಡ್ಡು ನೋಡಿ. ಗೊಬ್ಬರ ಆಚೆ ಹೋಗಲಿ. ಇನ್ವರ್ಟರ್ ಬ್ಯಾಟರಿಯೂ ಅಲ್ಲಿ ಬೇಡ, ಚಾರ್ಜ್ ಆಗುವಾಗ ಅದರಿಂದ ಆಸಿಡ್ ಹನಿ ಏಳುತ್ತದೆ.

ಕಾರನ್ನು ತೊಳೆದು, ಸ್ವಲ್ಪ ದೂರ ಓಡಿಸಿ, ಬ್ರೇಕು ಬಿಸಿಯಾಗಿ ಒಣಗಿದ ಮೇಲೆ ಒಳಗೆ ತನ್ನಿ. ಹೊದಿಸುವುದು ಗಾಳಿಯಾಡುವ ಬಟ್ಟೆ. ಟಾರ್ಪಾಲು ಹೊದಿಸಿದರೆ ನೆಲದಿಂದ ಏರಿದ ತೇವ ಒಳಗೇ ನಿಲ್ಲುತ್ತದೆ. ಎಂಜಿನ್ ಆಯಿಲ್ ಹಳೆಯದಾಗಿದ್ದರೆ ಇಡುವ ಮೊದಲೇ ಬದಲಿಸಿ. ಸುಟ್ಟ ಆಯಿಲಿನಲ್ಲಿರುವ ಆಮ್ಲ ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರಬಾರದು.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬಿನಿಂದಲೂ ಎಥೆನಾಲ್ ಮಾಡುತ್ತಾರೆಂದು ಮಂಡ್ಯದವರಿಗೆ ನಾನು ಹೇಳಬೇಕಿಲ್ಲ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥೆನಾಲೂ ನೀರೂ ಸೇರಿ ತಳಕ್ಕಿಳಿಯುತ್ತವೆ, ಪಂಪು ಮೊದಲು ಹೀರುವುದೂ ತಳದಿಂದಲೇ. ಹೊಸ ಕಾರಿನ ಮುಚ್ಚಿದ ಟ್ಯಾಂಕಿನಲ್ಲಿ ಭಯ ಕಡಿಮೆ, ಕಾರ್ಬುರೇಟರಿನ ಹಳೆಯ ಕಾರಿನಲ್ಲಿ ಹೆಚ್ಚು. ಟ್ಯಾಂಕು ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗವೇ ಇರುವುದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಟೈರಿಗೆ ಗಾಳಿ 32 ಹಾಕುವವರು 36 ಹಾಕಿ.

ಬ್ಯಾಟರಿ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರು ನಿಂತಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರು ಕರೆಂಟು ಎಳೆಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್. 45ರ ಬ್ಯಾಟರಿ ತಿಂಗಳೊಳಗೇ ಕೈಕೊಡುತ್ತದೆ. ಪೂರ್ತಿ ಡೌನ್ ಆಗಿ ಹಾಗೇ ನಿಂತರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ತಾನೇ ನಿಲ್ಲುವ ಸಣ್ಣ ಚಾರ್ಜರ್ ಹಾಕಿಡಿ. ಅದಾಗದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಬಿಚ್ಚುವ ಮೊದಲು ಒಂದು ಎಚ್ಚರ: ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿ ಇರುವ ಮುಚ್ಚಳವೇ ಕರೆಂಟಿನಿಂದ ತೆರೆಯುತ್ತದೆ. ಬಿಚ್ಚಿ ಮುಚ್ಚಿಬಿಟ್ಟರೆ ಮತ್ತೆ ತೆರೆಯಲು ಪಡಿಪಾಟಲು.

ಇಲಿ. ಗದ್ದೆ ಕೊಯ್ಲಾದ ಮೇಲೆ ಅವು ಮನೆಯತ್ತ ಬರುತ್ತವೆ. ಕಿರುಬೆರಳು ತೂರುವ ಸಂದಿ ಸುಂಡಿಲಿಗೆ ಸಾಕು. ಸಂದಿ ಮುಚ್ಚಿ, ಸೈಲೆನ್ಸರ್ ಬಾಯಿಗೆ ಪಾತ್ರೆ ಉಜ್ಜುವ ಸ್ಟೀಲ್ ಜುಂಗು ತುರುಕಿ, ತುರುಕಿದ್ದೇನೆ ಎಂದು ಚೀಟಿ ಬರೆದು ಸ್ಟಿಯರಿಂಗಿಗೆ ಕಟ್ಟಿ. ವಿಷ ನಾನು ಇಡುವುದಿಲ್ಲ. ಎಸಿ ಕೊಳವೆಯೊಳಗೆ ಸತ್ತರೆ ಆ ನಾತ ತಿಂಗಳಾದರೂ ಹೋಗದು.

ಕಾರು ನಿಂತರೆ ಕೆಡುತ್ತದೆಂದು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುವವರು ಇಲ್ಲೂ ಬಹಳ ಜನ ಇದ್ದೀರಿ. ದಯವಿಟ್ಟು ಬಿಡಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯ್ದರೆ ಅದು ಹೊರಗೆ ಹೋಗುತ್ತದೆ. ಐದು ನಿಮಿಷದಲ್ಲಿ ಕಾಯುವುದಿಲ್ಲ. ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಸ್ಟಾರ್ಟಿಗೆ ಖರ್ಚಾದ ಚಾರ್ಜೂ ಪೂರ್ತಿ ವಾಪಸು ಬರುವುದಿಲ್ಲ. ಅದಕ್ಕಿಂತ ದೊಡ್ಡದು, ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಓಡಿಸುವುದಾದರೆ ಬಿಸಿಲಿನ ದಿನ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಮುಟ್ಟಲೇಬೇಡಿ.

ಹೊರಗೆ ತರುವ ದಿನ ಮೊದಲು ಆ ಚೀಟಿ ಓದಿ, ಜುಂಗು ತೆಗೆಯಿರಿ. ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿ ಗೂಡು ಇದೆಯೇ ನೋಡಿ. ಟೈರಿನ ಗಾಳಿ ಮೊದಲಿನಷ್ಟಕ್ಕೆ ಇಳಿಸಿ. ಕೆಳಗೆ ಬಗ್ಗಿ ನೆಲದಲ್ಲಿ ಎಣ್ಣೆಯ ಕಲೆ ಹುಡುಕಿ, ಬ್ರೇಕ್ ಪೆಡಲ್ ನಾಲ್ಕು ಸಲ ತುಳಿದು ಗಟ್ಟಿಯಾಗಿದೆಯೇ ನೋಡಿ. ಮೊದಲ ದಿನವೇ ಚಾಮುಂಡಿ ಬೆಟ್ಟ ಹತ್ತಿಸಬೇಡಿ. ಬೆಳಿಗ್ಗೆ ಆರಕ್ಕೆ ಖಾಲಿ ರಿಂಗ್ ರಸ್ತೆಯಲ್ಲಿ ನಿಧಾನ ಹೋಗಿ. ಮೊದಲ ಕೆಲವು ಬ್ರೇಕಿಗೆ ಕರಕರ ಸದ್ದು ಬರುತ್ತದೆ; ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿಹೋಗುವ ಸದ್ದು ಅದು. ಒಂದೆರಡು ಕಿಲೋಮೀಟರಿನೊಳಗೆ ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿಂದಲೇ ಮೆಕ್ಯಾನಿಕ್ ಹತ್ತಿರ ತಿರುಗಿಸಿ.