ಡೀಸೆಲ್ ಮುಳ್ಳು ಸುಳ್ಳು ಹೇಳಿದಾಗ

ಕೇಳುಗರಿಗೆ ನಮಸ್ಕಾರ.

ಹಳೆಯ ಲಾರಿಯಲ್ಲಿ ಡೀಸೆಲ್ ಮೀಟರ್ ಕೆಟ್ಟರೆ ಚಾಲಕರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಇಳಿಸಿ, ಅದು ಎಲ್ಲಿಯವರೆಗೆ ನೆನೆದಿದೆಯೆಂದು ನೋಡಿ ಹೊರಟುಬಿಡುತ್ತಾರೆ. ಕೋಲಿನ ಲೆಕ್ಕ ತಪ್ಪಿದ ದಿನ ಮಾತ್ರ ಫಜೀತಿ. ಡೀಸೆಲ್ ಮುಗಿದು ಎಂಜಿನ್ ನಿಂತರೆ ಪೈಪುಗಳಲ್ಲಿ ಗಾಳಿ ಸೇರಿಕೊಳ್ಳುವುದರಿಂದ, ಮತ್ತೆ ಡೀಸೆಲ್ ಸುರಿದ ಮಾತ್ರಕ್ಕೆ ಹಳೆಯ ಗಾಡಿ ಚಾಲೂ ಆಗುವುದಿಲ್ಲ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಹ್ಯಾಂಡ್ ಪ್ರೈಮರ್ ಎಂಬ ಕೈಪಂಪನ್ನು ಒತ್ತುತ್ತಾ ಏರ್ ತೆಗೆಯಬೇಕಾಗುತ್ತದೆ.

ಈ ಮೀಟರಿನ ವ್ಯವಸ್ಥೆ ಬಹಳ ಸರಳವಾದದ್ದು. ಟ್ಯಾಂಕಿನೊಳಗೆ ಒಂದು ಕಡ್ಡಿಯ ತುದಿಯಲ್ಲಿ ಫ್ಲೋಟ್ ತೇಲುತ್ತಿರುತ್ತದೆ. ಡೀಸೆಲ್ ಏರಿಳಿದಂತೆ ಆ ಕಡ್ಡಿ ಕೂದಲೆಳೆಯಷ್ಟು ತೆಳುವಾದ ತಂತಿಯ ಸುರುಳಿಯ ಮೇಲೆ ಸವರುತ್ತಾ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಇದನ್ನೇ ಟ್ಯಾಂಕ್ ಯೂನಿಟ್ ಎನ್ನುತ್ತಾರೆ. ಡ್ಯಾಶ್‌ಬೋರ್ಡಿನ ಮೀಟರಿನಿಂದ ಒಂದು ವಯರು ಈ ಯೂನಿಟ್ಟಿಗೆ ಬರುತ್ತದೆ; ಅಲ್ಲಿಂದ ಟ್ಯಾಂಕಿನ ಮೈ ಮತ್ತು ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯೇ ಅರ್ತ್. ದೋಷ ಕಂಡಕೂಡಲೇ ಹೊಸ ಯೂನಿಟ್ ತರಲು ಅಂಗಡಿಗೆ ಓಡುವವರು ಈ ಮರಳುವ ದಾರಿಯನ್ನು ಮರೆತಿರುತ್ತಾರೆ.

ಮೊದಲು ಪಕ್ಕದ ಮೀಟರನ್ನು ನೋಡಿ. ಡೀಸೆಲ್ ಮುಳ್ಳೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಒಟ್ಟಿಗೇ ಕೆಟ್ಟಿದ್ದರೆ ಟ್ಯಾಂಕಿನ ಕಡೆ ಹೋಗುವುದೇ ಬೇಡ. ಫ್ಯೂಸ್ ಹೋಗಿರಬಹುದು, ಇಲ್ಲವೇ ಎರಡಕ್ಕೂ ಕರೆಂಟು ಹಂಚುವ ಸ್ಟೆಬಿಲೈಸರ್ ಕೆಟ್ಟಿರಬಹುದು. ಡೀಸೆಲ್ ಮುಳ್ಳೊಂದೇ ಸತ್ತಿದ್ದರೆ ಇಗ್ನಿಷನ್ ಆನ್ ಮಾಡಿ, ಯೂನಿಟ್ಟಿನ ವಯರು ಕಳಚಿ, ಅದರ ತುದಿಯನ್ನು ಒಂದೆರಡು ಕ್ಷಣ ಮಾತ್ರ ಚಾಸಿಯ ಸ್ವಚ್ಛವಾದ ಕಬ್ಬಿಣಕ್ಕೆ ಮುಟ್ಟಿಸಿ. ಕೆಲವು ಗಾಡಿಗಳಲ್ಲಿ ಮುಳ್ಳು ಫುಲ್ಲಿಗೆ ಏರುತ್ತದೆ, ಇನ್ನು ಕೆಲವುಗಳಲ್ಲಿ ಖಾಲಿಗೆ ಇಳಿಯುತ್ತದೆ. ಯಾವ ಕಡೆಗೆ ಎನ್ನುವುದು ಇಲ್ಲಿ ಮುಖ್ಯವಲ್ಲ. ವಯರು ಬಿಡಿಸಿದಾಗ ಒಂದು ಕೊನೆಗೂ ಮುಟ್ಟಿಸಿದಾಗ ಇನ್ನೊಂದು ಕೊನೆಗೂ ಮುಳ್ಳು ಹೋದರೆ ಮೀಟರೂ ವಯರೂ ಸರಿಯಾಗಿವೆಯೆಂದೇ ಅರ್ಥ. ಅಲುಗದಿದ್ದರೆ ಇದೇ ಪರೀಕ್ಷೆಯನ್ನು ಮೀಟರಿನ ಹಿಂಬದಿಯಲ್ಲಿ ಮಾಡಿ. ಅಲ್ಲಿ ಅಲುಗಿದರೆ ನಡುವಿನ ವಯರು ತುಂಡಾಗಿದೆ. ಟ್ಯಾಂಕಿನ ಬಾಯಿ ತೆರೆದಿಟ್ಟುಕೊಂಡು ಈ ಕೆಲಸಕ್ಕೆ ಇಳಿಯಬಾರದು. ಬ್ಯಾಟರಿಯ ಕರೆಂಟನ್ನು ನೇರವಾಗಿ ಯೂನಿಟ್ಟಿಗೆ ಕೊಟ್ಟು ನೋಡುವ ಚಾಳಿಯೂ ಬೇಡ, ಆ ತೆಳು ತಂತಿ ಸುಟ್ಟುಹೋಗುತ್ತದೆ.

ಮೀಟರ್ ಸರಿಯಿದ್ದರೂ ಯೂನಿಟ್ಟನ್ನು ಬಿಚ್ಚಲು ಅವಸರಿಸಬೇಡಿ. 8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷವೂ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಆಗಬೇಕು, ಎಫ್‌ಸಿಗೆ ಮೊದಲು ಬಣ್ಣ ಬಳಿಯಬೇಕು. ಬಣ್ಣದವನು ಚಾಸಿ, ಬ್ರಾಕೆಟ್ಟು, ಬೋಲ್ಟು ಯಾವುದನ್ನೂ ಬಿಡುವುದಿಲ್ಲ. ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳ ಅಡಿಯಲ್ಲಿ ರಬ್ಬರ್ ಇರುವುದರಿಂದ ಅಲ್ಲಿ ಅರ್ತ್ ನೆಚ್ಚುವಂತಿಲ್ಲ. ಉಳಿಯುವುದು ಒಂದು ಸಣ್ಣ ಅರ್ತ್ ವಯರು ಮಾತ್ರ. ನನಗೆ ಪರಿಚಯದ ಒಬ್ಬ ಲಾರಿ ಮಾಲೀಕರು ಎರಡು ಸಲ ಯೂನಿಟ್ ಬದಲಿಸಿ ಬೇಸತ್ತಿದ್ದರು. ಆ ವಯರಿನ ಬೋಲ್ಟ್ ಬಿಚ್ಚಿ ನೋಡಿದಾಗ ವಾಷರಿನ ಕೆಳಗೆ ಹಸಿರು ಬಣ್ಣ ಪದರುಪದರಾಗಿ ಕೂತಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿದ ಮೇಲೆ ಮುಳ್ಳು ಮುಕ್ಕಾಲಿಗೆ ಬಂದು ನಿಂತಿತು. ಆ ಮೊದಲು ತೆಗೆದು ಬಿಸಾಡಿದ್ದ ಎರಡು ಯೂನಿಟ್‌ಗಳೂ ಬಹುಶಃ ಚೆನ್ನಾಗಿಯೇ ಇದ್ದವು. ಇಗ್ನಿಷನ್ ಆಫ್ ಮಾಡಿ, ವಿದ್ಯುತ್ ರೋಧ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಯೂನಿಟ್ಟಿನ ಲೋಹದ ಬಿಲ್ಲೆಗೂ ಇನ್ನೊಂದನ್ನು ಚಾಸಿಗೂ ಇಟ್ಟರೆ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು.

ಇದೂ ಸರಿಯಿದ್ದರೆ ಈಗ ಯೂನಿಟ್ಟನ್ನು ಹೊರತೆಗೆಯಬಹುದು. ಮಲ್ಟಿಮೀಟರ್ ಹಚ್ಚಿ ಫ್ಲೋಟಿನ ಕಡ್ಡಿಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದಾಗ ಅಂಕಿ ಎಲ್ಲೂ ಜಿಗಿಯದೆ ಬದಲಾಗಬೇಕು. ಜಿಗಿದ ಜಾಗದಲ್ಲಿ ತಂತಿ ಸವೆದಿದೆ. ಟ್ಯಾಂಕು ತುಂಬಿಸದೆ ಅರ್ಧರ್ಧ ಡೀಸೆಲ್ ಹಾಕಿಸಿಕೊಂಡೇ ಓಡುವ ಗಾಡಿಗಳಲ್ಲಿ ನಡುಭಾಗವೇ ಹೆಚ್ಚು ಸವೆಯುತ್ತದೆ. ಅಂಕಿ ಸರಿಯಾಗಿದ್ದೂ ಮುಳ್ಳು ಸದಾ ಖಾಲಿ ತೋರಿಸುತ್ತಿದ್ದರೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕಿದ ಸದ್ದು ಕೇಳಿಸಿದರೆ ಅದು ತೂತಾಗಿ ಮುಳುಗಿದೆ.

ಹೊಸ ಯೂನಿಟ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಜರ್ಮನಿಯ ವಿಡಿಓ ಕಂಪನಿಯ ಮಾದರಿಯಲ್ಲಿ ಖಾಲಿಗೆ 10, ಫುಲ್ಲಿಗೆ 180 ಓಮ್. ಅಮೆರಿಕದ ಹಳೆಯ ಫೋರ್ಡ್ ಗಾಡಿಗಳಲ್ಲಿ ತಿರುಗುಮುರುಗು, ಖಾಲಿಗೆ 73, ಫುಲ್ಲಿಗೆ 10. ತಿರುಪಿನ ತೂತುಗಳು ಹೊಂದಿಕೊಂಡರೂ ಓಮ್ ಹೊಂದದಿದ್ದರೆ ಟ್ಯಾಂಕು ತುಂಬಿಸಿದಾಗ ಮುಳ್ಳು ಖಾಲಿ ತೋರಿಸೀತು. ಜೋಡಿಸಿದ ನಂತರ ಬಂಕಿನಲ್ಲಿ 20 ಲೀಟರಿನಂತೆ ಹಾಕಿಸುತ್ತಾ, ಪ್ರತಿ ಸಲವೂ ಮುಳ್ಳು ನಿಂತ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ. ಆ ಹಳೆಯ ಕೋಲಿನ ಮೇಲೂ ಅದೇ ಅಳತೆಗೆ ಚಾಕುವಿನಿಂದ ಗೆರೆ ಕೊರೆದು ಕ್ಯಾಬಿನ್ನಿನಲ್ಲಿ ಇಟ್ಟಿರಿ.

ನಮಸ್ಕಾರ.