ಪತ್ರಿಕೆಯ ಒಡೆಯ ಯಾರು? ಪುಟದ ಅಡಿಯ ಸಣ್ಣಕ್ಷರ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಪತ್ರಿಕೆ ಕೈಗೆಟಕುವಲ್ಲಿ ಇದ್ದರೆ ಅದರ ಪುಟಗಳ ಅಡಿಭಾಗವನ್ನು ಒಮ್ಮೆ ನೋಡಿ. ಯಾವುದೋ ಒಂದು ಪುಟದ ತಳದಲ್ಲಿ, ಕನ್ನಡಕ ಹಾಕಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ ಎರಡು ಸಾಲು ಉಂಟು. ಇಂಥವರ ಪರವಾಗಿ ಇಂಥವರು ಇಂಥ ಪ್ರೆಸ್ಸಿನಲ್ಲಿ ಮುದ್ರಿಸಿ, ಇಂಥಲ್ಲಿಂದ ಪ್ರಕಟಿಸಿದ್ದು, ಸಂಪಾದಕರು ಇಂಥವರು. 'ಪರವಾಗಿ' ಎಂಬ ಮಾತಿಗಿಂತ ಮೊದಲು ಯಾರ ಹೆಸರಿದೆಯೋ ಅವರೇ ಒಡೆಯರು. ಸಂಪಾದಕರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಆದರೆ ಪತ್ರಿಕೆ ನಾಳೆ ಬರುತ್ತದೋ ಇಲ್ಲವೋ ಎಂಬುದು ನಿಂತಿರುವುದು ಆ ಇನ್ನೊಂದು ಹೆಸರಿನ ಮೇಲೆ.

ಮಂಗಳೂರಿಗೆ ಈ ಮಾತು ಹೊಸದಲ್ಲ. 1843ರ ಜುಲೈ 1ರಂದು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಇಲ್ಲಿಂದ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸುವ ಕೆಲಸವಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದ ಪುಟವೇ ಕಲ್ಲಿನ ಮೇಲೆ ಮೂಡಿ ಅಚ್ಚಾಗಬೇಕು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ಅಲ್ಲಿ ಮೊಳೆಯಚ್ಚಿಗೆ ಏರಿತು, ಹೆಸರೂ 'ಕನ್ನಡ ಸಮಾಚಾರ' ಎಂದಾಯಿತು. ಮುದ್ರಣದ ಜಾಗ ಬದಲಾದರೆ ಪತ್ರಿಕೆಯ ಹಣೆಬರಹವೇ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಮೊದಲ ಪತ್ರಿಕೆಯೇ ಸಾಕ್ಷಿ.

ದಿನಪತ್ರಿಕೆಗೆ ಬೇರೆಯೇ ಬಲ ಬೇಕಿತ್ತು. 1941ರಲ್ಲಿ 'ನವಭಾರತ'ವನ್ನು ಆರಂಭಿಸಿದವರು ವಿ. ಎಸ್. ಕುಡ್ವ. ಕೆನರಾ ವರ್ಕ್‌ಶಾಪ್ಸ್ ಎಂಬ ಕಾರ್ಖಾನೆ ಕಟ್ಟಿದವರು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಮಣಿಪಾಲದ ಪೈ ಕುಟುಂಬ 1970ರ ಆಸುಪಾಸಿನಲ್ಲಿ 'ಉದಯವಾಣಿ'ಯನ್ನು ತಂದಾಗ ಅವರ ಕೈಯಲ್ಲಿ ಆಗಲೇ ಪಳಗಿದ ದೊಡ್ಡ ಮುದ್ರಣಾಲಯ ಇತ್ತು. ಎರಡೂ ಕಡೆ ಪತ್ರಿಕೆಯ ಬೆನ್ನಿಗೆ ಬೇರೆ ಉದ್ಯಮ ನಿಂತಿತ್ತು.

ಇದಕ್ಕೆ ಎದುರು ದಾರಿ ಹಿಡಿದದ್ದು 'ಮುಂಗಾರು'. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರಿಂದ ಷೇರು ಹಣ ಕೂಡಿಸಿ, ಓದುಗರೇ ಒಡೆಯರಾಗಲಿ ಎಂದು ಮಂಗಳೂರಿನಿಂದ ಹೊರತಂದ ದಿನಪತ್ರಿಕೆ. ಕರಾವಳಿಯ ಪತ್ರಿಕಾ ಇತಿಹಾಸದಲ್ಲಿ ಅದಕ್ಕಿಂತ ಧೈರ್ಯದ ಪ್ರಯತ್ನ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಅದು ಹೆಚ್ಚು ಕಾಲ ಉಳಿಯಲಿಲ್ಲ. ಅದರ ಲೆಕ್ಕಪುಸ್ತಕದ ಮಾತು ಬೇಡ. ಷೇರು ಹಣದಲ್ಲಿ ಹುಟ್ಟುವ ಯಾವ ಪತ್ರಿಕೆಗೂ ಎದುರಾಗುವ ತೊಡಕನ್ನು ಮಾತ್ರ ಹೇಳುತ್ತೇನೆ.

ಪತ್ರಿಕೆಯ ಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುತ್ತದೆ. ಪುಟ 33 ಸೆಂಟಿಮೀಟರ್ ಅಗಲ, 54 ಸೆಂಟಿಮೀಟರ್ ಉದ್ದ ಎಂದು ಹಿಡಿಯಿರಿ. ಹನ್ನೆರಡು ಪುಟ ಎಂದರೆ ಆರು ಹಾಳೆ. ಒಂದು ಪ್ರತಿಗೆ 48 ಗ್ರಾಂ. ಇಪ್ಪತ್ತು ಸಾವಿರ ಪ್ರತಿಗೆ 960 ಕಿಲೋ. ಅದರ ಮೇಲೆ ಹಾಳಾಗುವುದು ಬೇರೆ: ರೀಲಿನ, ಅಂದರೆ ಕಾಗದದ ಸುರುಳಿಯ, ಹೊರಸುತ್ತಿನಲ್ಲಿ ಹರಿದದ್ದು, ಒಳಗೆ ಕೊಳವೆಗೆ ಅಂಟಿ ಉಳಿದದ್ದು, ಬಣ್ಣ ಹೊಂದುವವರೆಗೆ ಓಡಿಸಿದ ಪ್ರತಿಗಳು. ನಮ್ಮ ಮಳೆಗಾಲದಲ್ಲಿ ಇನ್ನೂ ಹೆಚ್ಚು. ತೇವ ಕುಡಿದ ರೀಲಿನ ಅಂಚು ಅಲೆಯಾಗಿ ಯಂತ್ರದಲ್ಲಿ ಸುಕ್ಕುಗಟ್ಟುತ್ತದೆ, ಕಾಗದ ತುಂಡಾದರೆ ಯಂತ್ರ ನಿಲ್ಲಿಸಿ ಮತ್ತೆ ಪೋಣಿಸಬೇಕು. ಅಷ್ಟರಲ್ಲಿ ಪತ್ರಿಕೆ ಒಯ್ಯಬೇಕಾದ ಸುಳ್ಯದ ಬಸ್ಸು ಹೊರಟಿರುತ್ತದೆ. ಅಂತೂ ರಾತ್ರಿಗೆ ಒಂದು ಟನ್, ತಿಂಗಳಿಗೆ ಮೂವತ್ತು ಟನ್.

ಕಾಗದದವನಿಗೆ ಹಣ ಮೊದಲು ಹೋಗಬೇಕು. ಏಜೆಂಟರು ತಿಂಗಳು ಮುಗಿದ ಮೇಲೆ ಬಿಲ್ಲು ಕಟ್ಟುತ್ತಾರೆ, ಅದರಲ್ಲಿ ಕಮಿಷನ್ ಕಳೆದು. ಜಾಹೀರಾತು ಏಜೆನ್ಸಿಯ ಹಣ ಎರಡು ತಿಂಗಳು ದಾಟಿ ಬರುವುದು ಸಾಮಾನ್ಯ. ಹೀಗಾಗಿ ಮೂರು ತಿಂಗಳ ಕಾಗದ, ಸಂಬಳ, ಕರೆಂಟಿನ ಹಣ ಯಾವಾಗಲೂ ಹೊರಗೇ ಇರುತ್ತದೆ. ಷೇರು ಹಣ ಒಮ್ಮೆ ಬರುವಂಥದ್ದು, ಅದು ಯಂತ್ರಕ್ಕೆ ಹೋಗಿರುತ್ತದೆ. ಪ್ರಸಾರ ಹೆಚ್ಚಾದರೆ ತೊಂದರೆ ತೀರುತ್ತದೆ ಎಂದುಕೊಳ್ಳುತ್ತಾರೆ. ಪ್ರತಿಯ ಬೆಲೆ ಖರ್ಚಿಗಿಂತ ಕಡಿಮೆ ಇರುವಾಗ, ಜಾಹೀರಾತು ಜತೆಗೇ ಏರದಿದ್ದರೆ, ಹೆಚ್ಚಿದ ಒಂದೊಂದು ಪ್ರತಿಯೂ ಸಾಲವನ್ನೇ ಬೆಳೆಸುತ್ತದೆ. ಉದ್ಯಮಿ ಒಡೆಯನಿಗೆ ಈ ಮೂರು ತಿಂಗಳನ್ನು ದಾಟಿಸುವ ಬ್ಯಾಂಕಿನ ಸಾಲ ಸಿಗುತ್ತದೆ. ಸಾವಿರಾರು ಸಣ್ಣ ಷೇರುದಾರರ ಪತ್ರಿಕೆಗೆ ಅದೇ ಕಷ್ಟ. ಒಡೆತನ ಕೈಬದಲಾಗುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ.

ಕೈಬದಲಾದಾಗ ಏನೇನು ಆಗಬೇಕು? ಪತ್ರಿಕೆ, ಪುಸ್ತಕಗಳ ನೋಂದಣಿಯ 1867ರ ಕಾಯಿದೆ ಇದ್ದಷ್ಟು ಕಾಲ ಮುದ್ರಕರು, ಪ್ರಕಾಶಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಘೋಷಣಾ ಪತ್ರ ಸಲ್ಲಿಸಬೇಕಿತ್ತು. ಒಡೆತನ ಬದಲಾದರೆ, ಪ್ರೆಸ್ ಬದಲಾದರೆ ಹೊಸ ಘೋಷಣೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಪ್ರಕಟಣೆ ನಿಂತರೆ ಹಳೆಯ ಘೋಷಣೆ ಬಿದ್ದುಹೋಗುತ್ತಿತ್ತು. ಪ್ರೆಸ್ಸಿನ ಯಂತ್ರ ಕೊಂಡ ಮಾತ್ರಕ್ಕೆ ಪತ್ರಿಕೆಯ ಹೆಸರು ಸಿಗುವುದಿಲ್ಲ ಎಂಬುದನ್ನು ಮರೆತು ವ್ಯವಹಾರ ಮಾಡಿದರೆ ಜಗಳ ಖಂಡಿತ. ಹೆಸರು ನೋಂದಣಿಯಲ್ಲಿರುವ ಒಡೆಯನದು. 2024ರ ಮಾರ್ಚ್ 1ರಿಂದ ಹೊಸ ಕಾಯಿದೆ ಜಾರಿಯಲ್ಲಿದೆ, ಅರ್ಜಿಯೆಲ್ಲ ಆನ್‌ಲೈನ್.

ಊರಿನ ಹಳೆಯ ಪತ್ರಿಕೆಯೊಂದರ ಒಡೆತನದ ಜಾಡು ಹಿಡಿಯಬೇಕಾದವರಿಗೆ ಒಂದು ಸುಲಭದ ದಾರಿ ಉಂಟು. ಪತ್ರಿಕೆಗಳ ನೋಂದಣಿಯ 1956ರ ನಿಯಮಗಳು ಬಂದ ಮೇಲೆ, ಪ್ರತಿ ವರ್ಷ ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ 'ಫಾರಂ 4' ಎಂಬ ಪ್ರಕಟಣೆ ಬರಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರ ಜತೆಗೆ ಒಡೆಯರು ಮತ್ತು ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲುಳ್ಳ ಎಲ್ಲರ ಹೆಸರೂ ವಿಳಾಸವೂ ಅದರಲ್ಲಿರುತ್ತದೆ. ಕಡತವನ್ನೆಲ್ಲ ತಿರುವಬೇಕಾಗಿಲ್ಲ. ವರ್ಷಕ್ಕೊಂದರಂತೆ ಮಾರ್ಚ್ ಆರಂಭದ ಸಂಚಿಕೆ ತೆಗೆಯಿರಿ, ಒಳಪುಟದ ಮೂಲೆಯಲ್ಲಿ ಹುಡುಕಿ, ಹೆಸರುಗಳನ್ನು ಸಾಲಾಗಿ ಬರೆದುಕೊಳ್ಳಿ. ಯಾವ ವರ್ಷ ಹೆಸರು ಬದಲಾಯಿತೋ ಅದರ ಹಿಂದಿನ ಹನ್ನೆರಡು ತಿಂಗಳ ಪುಟದಡಿಯ ಸಾಲನ್ನು ಮಾತ್ರ ದಿನದಿನ ನೋಡಿದರೆ ತಾರೀಕು ಸಿಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ 'ನವಭಾರತ'ವೋ 'ಮುಂಗಾರು'ವೋ ಇದ್ದರೆ ಗುಜರಿಗೆ ಹಾಕುವ ಮೊದಲು ಮಾರ್ಚ್ ತಿಂಗಳ ಸಂಚಿಕೆಗಳನ್ನಾದರೂ ಬೇರೆ ತೆಗೆದಿಡಿ. ಮಡಚಬೇಡಿ, ಕಾಗದ ಮೊದಲು ಹರಿಯುವುದು ಮಡಿಕೆಯಲ್ಲೇ. ಬಿಸಿಲಿಗೂ ಹಾಕಬೇಡಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಹರಡಿಟ್ಟು, ಒಣಗಿದ ಮೇಲೆ ಚಪ್ಪಟೆಯಾಗಿ ಪೆಟ್ಟಿಗೆಯಲ್ಲಿಡಿ.

ನಮಸ್ಕಾರ.