ನೀವು ನಿಂತಿದ್ದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಒಂದೇ ರಾತ್ರಿ, ಒಂದೇ ವೇದಿಕೆ, ಒಂದೇ ಸಂಗೀತ ತಂಡ. ಹೊರಗೆ ಬಂದ ಅಭಿಮಾನಿಗಳಲ್ಲಿ ಒಬ್ಬರು ‘ಬೇಸ್ ಎದೆಗೇ ಗುದ್ದುತ್ತಿತ್ತು’ ಅಂತಾರೆ. ಇನ್ನೊಬ್ಬರು ‘ಬೇಸಾ? ಎಲ್ಲಿತ್ತು?’ ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ನಡುವೆ ಏಳೆಂಟು ಹೆಜ್ಜೆಯ ಅಂತರ ಇದ್ದಿರಬಹುದು, ಅಷ್ಟೇ.

ಹೇಗೆ ಅಂತ ನೋಡೋಣ. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಸಬ್‌ವೂಫರ್ ರಾಶಿ, ಅಂದರೆ ಬೇಸ್ ಅನ್ನುವ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್‌ಗಳ ರಾಶಿ ಇರುತ್ತದೆ. ಎರಡರಿಂದಲೂ ಹೊರಡುವುದು ಒಂದೇ ದನಿ. ಸರಿಯಾಗಿ ನಡುವೆ ನಿಂತವರಿಗೆ ಎರಡೂ ಒಟ್ಟಿಗೆ ತಲುಪಿ ಕೂಡಿಕೊಳ್ಳುತ್ತವೆ. ಪಕ್ಕಕ್ಕೆ ಸರಿದಂತೆ ಒಂದು ಬೇಗ ಬರುತ್ತದೆ, ಇನ್ನೊಂದು ತಡವಾಗಿ. 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಸಲ ಕಂಪಿಸುವ ಸ್ವರದ ಅಲೆಯ ಉದ್ದ ಸುಮಾರು 5.7 ಮೀಟರ್. ಎರಡು ದಾರಿಗಳ ವ್ಯತ್ಯಾಸ ಅದರ ಅರ್ಧ, ಅಂದರೆ 2.85 ಮೀಟರ್ ಆದ ಜಾಗದಲ್ಲಿ ಒಂದು ಅಲೆಯ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಬಂದು ಕೂತು, ಆ ಸ್ವರ ಸೊರಗಿಹೋಗುತ್ತದೆ. ಎರಡು ರಾಶಿಗಳ ನಡುವೆ 12 ಮೀಟರ್ ಇದ್ದು, ನೀವು 20 ಮೀಟರ್ ಹಿಂದೆ ನಿಂತಿದ್ದರೆ, ಆ ಜಾಗ ನಡುಗೆರೆಯಿಂದ ಸುಮಾರು 5 ಮೀಟರ್ ಪಕ್ಕಕ್ಕೆ ಬರುತ್ತದೆ. ಬಯಲಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸಭಾಂಗಣದಲ್ಲಿ ಗೋಡೆಗಳ ಪ್ರತಿಫಲನವೂ ಸೇರಿ ಲೆಕ್ಕ ಕಲಸಿಹೋಗುತ್ತದೆ. ಅಲ್ಲಿ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತವರಿಗೆ ಬೇಸ್ ಅತಿಯಾಗಿ ಕೇಳುವುದೇ ಹೆಚ್ಚು.

ಹೀಗಾಗಿ ‘ಸೌಂಡ್ ಕೆಟ್ಟದಾಗಿತ್ತು’ ಅನ್ನುವ ಮಾತು ಅರ್ಧ ಮಾತು. ಎಲ್ಲಿ ನಿಂತಿದ್ದಿರಿ ಅನ್ನುವುದು ಉಳಿದರ್ಧ.

ಮುಂದಿನ ಸಾಲಿಗೆ ಮುಗಿಬೀಳುವವರಿಗೆ ಇನ್ನೊಂದು ಪಾಡು. ಮುಖ್ಯ ಸ್ಪೀಕರ್‌ಗಳು ಮೇಲೆ ತೂಗುತ್ತಿರುತ್ತವೆ. ಅವುಗಳ ದನಿ ಮುಂದಿನ ಸಾಲಿನವರ ತಲೆಯ ಮೇಲಿಂದ ಹಾದು ಹಿಂದಕ್ಕೆ ಹೋಗುತ್ತದೆ. ಅವರಿಗೆ ಕೇಳುವುದು ಡ್ರಮ್ಮಿನ ಪೆಟ್ಟು ಮತ್ತು ಗಿಟಾರ್ ಆಂಪ್ಲಿಫೈಯರಿನ ನೇರ ದನಿ. ವೇದಿಕೆಯ ಅಂಚಿನಲ್ಲಿ ಚಿಕ್ಕ ಸ್ಪೀಕರ್‌ಗಳನ್ನು ಇಟ್ಟಿರದಿದ್ದರೆ ಹಾಡುವವರ ತುಟಿ ಕಾಣುತ್ತದೆ, ಮಾತು ಕೇಳುವುದಿಲ್ಲ. ‘ಗಾಯಕಿಗೆ ಇವತ್ತು ಗಂಟಲೇ ಇರಲಿಲ್ಲ’ ಅನ್ನುವ ತೀರ್ಪು ಹುಟ್ಟುವುದು ಇಲ್ಲಿಂದಲೇ.

ತೀರಾ ಹಿಂದಿನವರ ಕಥೆ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, 34 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ದೊಡ್ಡ ಮೈದಾನದಲ್ಲಿ ನಡುವೆ ಇನ್ನೊಂದು ಸ್ಪೀಕರ್ ಗೋಪುರ ನಿಲ್ಲಿಸುತ್ತಾರಲ್ಲ, ಅದರ ದನಿಯನ್ನು ಬೇಕೆಂದೇ ಅಷ್ಟು ತಡ ಮಾಡಿ ಬಿಡಬೇಕು. ಆ ತಡ ತಪ್ಪಿದರೆ ಡ್ರಮ್ಮಿನ ಪ್ರತಿ ಪೆಟ್ಟು ಎರಡೆರಡು ಸಲ ಕೇಳುತ್ತದೆ. ಎರಡು ದನಿಗಳ ಅಂತರ ಸುಮಾರು 30 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಅವನ್ನು ಒಂದೇ ಅಂದುಕೊಳ್ಳುತ್ತದೆ. ಅದನ್ನು ಮೀರುತ್ತ ಹೋದಂತೆ ಬೇರೆಬೇರೆ ಅನಿಸತೊಡಗುತ್ತವೆ.

‘ಮೊದಲ ಎರಡು ಹಾಡು ಕಲಸುಮೇಲೋಗರ, ಆಮೇಲೆ ಸರಿಹೋಯಿತು’ ಅನ್ನುವುದೂ ಎಲ್ಲರ ಬಾಯಲ್ಲಿ ಬರುತ್ತದೆ. ಇದರಲ್ಲಿ ಮಾಟವೇನಿಲ್ಲ. ಸೌಂಡ್ ಚೆಕ್ ಮಾಡಿದ್ದು ಖಾಲಿ ಸಭಾಂಗಣದಲ್ಲಿ. ಈಗ ಅದರೊಳಗೆ ಜನ ತುಂಬಿದ್ದಾರೆ. ಮೈ, ಬಟ್ಟೆ ಎಲ್ಲವೂ ಶಬ್ದ ಹೀರುತ್ತವೆ, ಅದರಲ್ಲೂ ಮೇಲಿನ ಸ್ವರಗಳನ್ನು. 1895ರಲ್ಲಿ ಹಾರ್ವರ್ಡಿನ ವಾಲೆಸ್ ಸಬೈನ್ ಅನ್ನುವ ಭೌತಶಾಸ್ತ್ರಜ್ಞರಿಗೆ, ಮಾತು ಅರ್ಥವಾಗದಷ್ಟು ಮಾರ್ದನಿಸುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ಬಂತು. ಅವರು ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದಿಂದ ಕುರ್ಚಿಯ ದಿಂಬುಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯುವ ಹೊತ್ತನ್ನು ಗಡಿಯಾರ ಹಿಡಿದು ಅಳೆದರು. ಖಾಲಿ ಕೊಠಡಿಯಲ್ಲಿ ಅದು ಸುಮಾರು ಐದೂವರೆ ಸೆಕೆಂಡು. ದಿಂಬು ಹೆಚ್ಚಿದಷ್ಟೂ ಅವಧಿ ಇಳಿಯಿತು. ನೀವು ಟಿಕೆಟ್ ತೆಗೆದು ಒಳಗೆ ಹೋದಾಗ ನೀವೂ ಅಂಥದೊಂದು ದಿಂಬೇ.

ಮೈಕ್ ‘ಕೂಂಯ್’ ಅಂದರೆ ಎಲ್ಲರೂ ತಿರುಗಿ ನೋಡುವುದು ಸೌಂಡ್ ಇಂಜಿನಿಯರ್ ಕಡೆಗೆ. ಒಮ್ಮೆ ಗಾಯಕರ ಕೈಯನ್ನೂ ನೋಡಿ. ಹಾಡಿನ ಮೈಕ್ ಮುಂದಿನಿಂದ ಬರುವುದನ್ನು ಮಾತ್ರ ಚೆನ್ನಾಗಿ ಹಿಡಿಯಬೇಕು, ಹಿಂದಿನದನ್ನು ಬಿಡಬೇಕು. ಅದಕ್ಕಾಗಿ ಮೈಕಿನ ತಲೆಯ ಲೋಹದ ಬಲೆಯ ಹಿಂಭಾಗದಲ್ಲಿ ಗಾಳಿದಾರಿ ಇರುತ್ತದೆ. ಸ್ಟೈಲಿಗೆಂದು ಬಲೆಯನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ದಾರಿ ಕಟ್ಟಿಕೊಂಡು ಮೈಕ್ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಕಾಲ ಬಳಿಯ ಮಾನಿಟರ್, ಅಂದರೆ ಗಾಯಕರಿಗೆ ತಮ್ಮ ದನಿ ಕೇಳಿಸಲೆಂದು ಇಟ್ಟ ಸ್ಪೀಕರ್, ಅದರ ದನಿ ಮೈಕಿನೊಳಗೆ ಹೊಕ್ಕು, ಮತ್ತೆ ಅದೇ ಮಾನಿಟರಿನಿಂದ ಹೊರಬಂದು, ಸುತ್ತು ಶುರುವಾಗುತ್ತದೆ. ಅದೇ ಆ ‘ಕೂಂಯ್’. ಶ್ರುತಿ ತಪ್ಪಿದಾಗಲೂ ಹೀಗೇ: ಮಾನಿಟರಿನಲ್ಲಿ ತಮ್ಮ ದನಿ ತಮಗೇ ಕೇಳಿಸದಿದ್ದರೆ ಒಳ್ಳೆಯ ಗಾಯಕರೂ ಜಾರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಗಾದೆ. ವೇದಿಕೆಯ ಮೇಲೆ ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಾಗಿರುತ್ತದೆ!

ಇನ್ನು ನಿಮ್ಮದೇ ಕಿವಿ. ಕೊನೆಯ ಹಾಡುಗಳು ಮಂಕಾಗಿದ್ದವು ಅನಿಸಿದರೆ, ದಣಿದದ್ದು ತಂಡವಲ್ಲದೆ ಕಿವಿಯೂ ಇರಬಹುದು. ಕೆಲಸದ ಜಾಗಗಳಿಗೆ ಹೇಳಿದ ಒಂದು ಲೆಕ್ಕದಂತೆ 85 ಡೆಸಿಬೆಲ್ ಸದ್ದಿಗೆ ಎಂಟು ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಫೋಮ್ ಪ್ಲಗ್ ಹಾಕುವುದಾದರೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ಉಳಿದ ಪ್ಲಗ್ ಹೆಸರಿಗಷ್ಟೇ. ಫೋಮ್ ಮೇಲಿನ ಸ್ವರಗಳನ್ನು ಹೆಚ್ಚು ತಡೆಯುತ್ತದೆ, ಆದ್ದರಿಂದ ಅದನ್ನು ಹಾಕಿಕೊಂಡು ‘ಡ್ರಮ್ಮಿನ ಸಿಂಬಲ್ ತಟ್ಟೆ ಸಪ್ಪೆ’ ಅಂತ ದೂರಬೇಡಿ. ಸಂಗೀತಕ್ಕೆಂದೇ ಮಾಡಿದ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಪ್ಲಗ್ ಬೇರೆಯೇ ಸಿಗುತ್ತದೆ.

ಫೋನಿನ ರೆಕಾರ್ಡಿಂಗ್ ನಂಬಿ ತೀರ್ಪು ಕೊಡುವುದಂತೂ ಬೇಡವೇ ಬೇಡ. ಅದರ ಪುಟ್ಟ ಮೈಕ್ ಮಾತಿಗೆ ಒಗ್ಗಿದ್ದು. ಡ್ರಮ್ ಬಿದ್ದೊಡನೆ ಫೋನ್ ತಾನೇ ದನಿ ತಗ್ಗಿಸಿ ಮತ್ತೆ ಏರಿಸುತ್ತದೆ, ಹಾಡು ಉಸಿರುಗಟ್ಟಿದಂತೆ ಕೇಳುತ್ತದೆ. ಅದರಿಂದ ಆಗುವ ಉಪಕಾರ ಒಂದಿದೆ: ಲಯ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬೀಟ್ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿ. ಆಲ್ಬಮ್ಮಿನಲ್ಲಿ ನಿಮಿಷಕ್ಕೆ 120 ಇದ್ದದ್ದು ವೇದಿಕೆಯಲ್ಲಿ 128 ಆಗಿದ್ದರೆ, ‘ಇವತ್ತು ಕಿಡಿ ಹಾರುತ್ತಿತ್ತು’ ಅನ್ನುವ ನಿಮ್ಮ ಮಾತಿಗೆ ಒಂದು ಅಂಕಿಯ ಬಲ ಬಂತು.

ಮುಂದಿನ ಸಲ ಹೋದಾಗ, ಮೂರು ಹಾಡು ಕಳೆದ ಮೇಲೆ ಮಿಕ್ಸರ್, ಅಂದರೆ ಎಲ್ಲ ದನಿಗಳನ್ನು ಹದವಾಗಿ ಬೆರೆಸುವ ಯಂತ್ರ, ಇಟ್ಟ ಜಾಗದ ಬಳಿ ಹೋಗಿ ಒಂದು ಹಾಡು ಪೂರ್ತಿ ಕೇಳಿ. ಇಂಜಿನಿಯರ್ ಕಿವಿಗೆ ಬೀಳುತ್ತಿರುವುದು ಅದೇ. ಆಮೇಲೆ ನಿಮ್ಮ ಜಾಗಕ್ಕೆ ಮರಳಿ ಬನ್ನಿ. ಎರಡು ಕಡೆಯೂ ಹಾಡು ಮುಳುಗಿದ್ದರೆ ಧಾರಾಳವಾಗಿ ಬೈಯಿರಿ.

ನಮಸ್ಕಾರ.